ಮಾರ್ಚಿನಲ್ಲಿ ಟ್ಯಾಂಕರ್, ಅಕ್ಟೋಬರಿನಲ್ಲಿ ದೋಣಿ: ನಮ್ಮ ಬೀದಿ ಎತ್ತರಿಸಬೇಕಾ, ಬೇಡವಾ?

ಮೂಲೆಮನೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ.

ನಾನಿರುವುದು ಬೆಂಗಳೂರಿನ ಹೊರಮಾವು ಕಡೆ, ತಗ್ಗಿನ ಬೀದಿಯೊಂದರ ಮೂಲೆಮನೆ. ಸ್ವಂತದ್ದು, ಹಾಗಾಗಿ ಬಿಟ್ಟು ಓಡುವ ಹಾಗಿಲ್ಲ. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿತು. ವಾರಕ್ಕೆ ಎರಡು ಟ್ಯಾಂಕರ್ ತರಿಸಿದೆವು. ಆಗ ಜಿಲ್ಲಾಡಳಿತ 6,000 ಲೀಟರಿಗೆ 600 ರೂಪಾಯಿ ಅಂತ ದರ ಗೊತ್ತು ಮಾಡಿತ್ತು, ನೆನಪಿದೆಯಾ? ಆ ದರ ಹೇಳಿದ ದಿನದಿಂದ ನಮ್ಮ ಟ್ಯಾಂಕರಿನವನು ಫೋನ್ ಎತ್ತುವುದನ್ನೇ ಬಿಟ್ಟ. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಸಂಪಿಗೆ ಚರಂಡಿ ನೀರು ನುಗ್ಗಿತು. ಮಾರ್ಚಿನಲ್ಲಿ ದುಡ್ಡು ಕೊಟ್ಟು ಸಂಪು ತುಂಬಿಸಿದೆ, ಅಕ್ಟೋಬರಿನಲ್ಲಿ ದುಡ್ಡು ಕೊಟ್ಟು ಖಾಲಿ ಮಾಡಿಸಿದೆ. ನಮ್ಮ ಮನೆಯವಳು ಲೆಕ್ಕದ ಪುಸ್ತಕದಲ್ಲಿ ಎರಡನ್ನೂ 'ನೀರು' ಅಂತಲೇ ಬರೆದಿದ್ದಾಳೆ.

ನಗರಕ್ಕೆ ಯೋಜನೆ ಇಲ್ಲ ಅಂತಲ್ಲ. 2023ರ ನವೆಂಬರಿನಲ್ಲಿ ಪಾಲಿಕೆಯ ಹವಾಮಾನ ಕ್ರಿಯಾ ಯೋಜನೆ ಬಂತು. 2050ರ ಹೊತ್ತಿಗೆ ನಿವ್ವಳ ಶೂನ್ಯ ಇಂಗಾಲ, ಅಂದರೆ ಹೊರಬಿಟ್ಟಷ್ಟು ಇಂಗಾಲವನ್ನು ಹೀರಿಕೊಂಡು ಸರಿದೂಗಿಸುವುದು, ಅನ್ನುವ ಗುರಿ. ಕಟ್ಟಡ, ಸಾರಿಗೆ, ಕಸ, ನೀರು, ಗಾಳಿ, ಹಸಿರು, ವಿಪತ್ತು, ಎಲ್ಲ ಇದೆ. ಓದಿದರೆ ತಲೆದೂಗುವ ಹಾಗೇ ಇದೆ. ಆದರೆ ನಮ್ಮ ತಗ್ಗು ಅದರಲ್ಲಿ ಎಲ್ಲಿದೆ ಅಂತ ಹುಡುಕಿದರೆ ಸಿಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ನಿವಾಸಿಗಳ ಸಂಘದ ಅರ್ಧ ಜನ, ರಸ್ತೆ ಎರಡಡಿ ಎತ್ತರಿಸಿ ಕಾಂಕ್ರೀಟ್ ಹಾಕಿಸೋಣ, ಮುಗಿಯಿತು ಅನ್ನುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಬದಲಿಗೆ ಏನು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವೂ ಇಲ್ಲ. ಇರುವ ದುಡ್ಡು ಸ್ವಲ್ಪ. ಎಲ್ಲಿಂದ ಶುರು ಮಾಡಬೇಕು? ತಿಳಿದವರು ಹೇಳಿ.

ಎರಡನೇ ಗೇರ್
ಎತ್ತರಿಸಿಬಿಡಿ ಸರ್. ನಮ್ಮ ಕಡೆ ಮಾಡಿದರು. ಈಗ ಬೈಕಿನ ಸೈಲೆನ್ಸರಿಗೆ ನೀರು ಹೋಗಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೊಸ್ತಿಲು
ಬೈಕಿಗೆ ಹೋಗದ ನೀರು ಎಲ್ಲಿ ಹೋಯಿತು ಅಂತ ಕೇಳಿದಿರಾ? ನಮ್ಮ ಬೀದಿಯಲ್ಲಿ ಹತ್ತು ವರ್ಷದಲ್ಲಿ ಮೂರು ಸಲ ಡಾಂಬರಿನ ಮೇಲೆ ಡಾಂಬರು ಬಿತ್ತು. ನಾವು ಗೃಹಪ್ರವೇಶ ಮಾಡಿದಾಗ ಮನೆಗೆ ಎರಡು ಮೆಟ್ಟಿಲು ಹತ್ತುತ್ತಿದ್ದೆವು. ಈಗ ಒಂದು ಮೆಟ್ಟಿಲು ಇಳಿಯುತ್ತೇವೆ. ಹಳೆಯದನ್ನು ಕೆರೆದು ಹೊಸದು ಹಾಕಿ ಅಂದರೆ ಅದಕ್ಕೆ ಬಿಲ್ ಪಾಸಾಗಲ್ಲ ಅಂದರು. ಮಳೆ ಬಂದರೆ ಬಾಗಿಲಿಗೆ ಮರಳಿನ ಚೀಲ ಇಡುವುದು ನಮ್ಮ ಅತ್ತೆಯವರ ಡ್ಯೂಟಿ. ವಯಸ್ಸು 71.

ನೀರುಗಂಟಿ ಮೊಮ್ಮಗ
ಮೂಲೆಮನೆ ಸರ್, ನಿಮ್ಮ ಅನುಮಾನ ಸರಿ ಇದೆ. ರಸ್ತೆ ಎತ್ತರಿಸಿದರೆ ನೀರಿನ ವಿಳಾಸ ಬದಲಾಗುತ್ತದೆ ಅಷ್ಟೇ.

ನಮ್ಮ ತಾತ ಆನೇಕಲ್ ಕಡೆಯ ಊರಿನಲ್ಲಿ ನೀರುಗಂಟಿ ಆಗಿದ್ದರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವರ ಕೆಲಸ. ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದರಂತೆ. ಏಡಿ ತೂತು, ಇಲಿ ಬಿಲ ಏನಾದರೂ ಇದ್ದರೆ ಅಲ್ಲಿಂದಲೇ ಏರಿ ಒಡೆಯುವುದು, ಅದನ್ನು ನೋಡಲಿಕ್ಕೆ. ಈ ಕೆಲಸಕ್ಕೆ ಈಗ ಬೆಂಗಳೂರಿನಲ್ಲಿ ಯಾರಿದ್ದಾರೆ ಹೇಳಿ?

ಈ ಊರಿಗೆ ದೊಡ್ಡ ನದಿ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಬಿದ್ದ ಮಳೆ ಮೂರು ಕಣಿವೆಗೆ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದು ದಕ್ಷಿಣ ಪಿನಾಕಿನಿಗೆ. ನದಿ ಇಲ್ಲದ ಕಾರಣಕ್ಕೇ ಹಿಂದಿನವರು ಇಳಿಜಾರಿನ ಉದ್ದಕ್ಕೂ ಕೆರೆ ಕಟ್ಟಿದರು. ಒಂದು ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಮುಂದಿನ ಊರಿನ ಕೆರೆಗೆ. ಕೋಡಿ ಬಿದ್ದ ದಿನ ಊರಿನವರು ಬಾಗಿನ ಕೊಡುತ್ತಿದ್ದರು. ಈಗ ಕೋಡಿ ಬಿದ್ದರೆ ರಬ್ಬರ್ ದೋಣಿ ಬರುತ್ತದೆ.

ಯಾಕೆ ಅಂದರೆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಳಚಿದೆವು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಕೋರಮಂಗಲದ ರಾಷ್ಟ್ರೀಯ ಕ್ರೀಡಾಗ್ರಾಮವೂ ಹಾಗೇ. ನಿಮ್ಮ ಕಡೆ ಹೆಬ್ಬಾಳ, ನಾಗವಾರದಿಂದ ಇಳಿದ ನೀರು ಕಲ್ಕೆರೆ, ರಾಂಪುರ ದಾಟಿ ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ ಹೋಗಬೇಕು. ದಾರಿಯಲ್ಲಿ ನಿಮ್ಮ ಮನೆ ಸಿಕ್ಕಿದೆ. ನೀರಿಗೆ ನಿಮ್ಮ ಮೇಲೆ ದ್ವೇಷ ಏನಿಲ್ಲ.

2022 ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ವರ್ಷಕ್ಕೆ 1,000 ಮಿ.ಮೀ. ಒಳಗೆ ಮಳೆ ಬೀಳುವ ಊರಿಗೆ ಆ ವರ್ಷ 1,900 ದಾಟಿತು. ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಜನ ಲ್ಯಾಪ್‌ಟಾಪ್ ತಬ್ಬಿಕೊಂಡು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿ ಪಂಪ್‌ಹೌಸಿಗೆ ನೀರು ನುಗ್ಗಿ ಬೆಂಗಳೂರಿಗೆ ಕಾವೇರಿ ನೀರು ನಿಂತಿತು. ಹೊರಗೆ ಸೊಂಟದವರೆಗೆ ನೀರು, ಒಳಗೆ ನಲ್ಲಿ ಒಣ. ನೆರೆ ಬೇರೆ ಬರ ಬೇರೆ ಅಂತ ಎರಡು ಫೈಲ್ ಮಾಡಿಕೊಂಡು ಕೂತರೆ ಎರಡೂ ಮುಗಿಯಲ್ಲ. ಅಕ್ಟೋಬರಿನಲ್ಲಿ ನಾವು ಓಡಿಸಿದ ನೀರೇ ಮಾರ್ಚಿನಲ್ಲಿ ಇಲ್ಲದಿರುವುದು.

ಎರಡನೇ ಗೇರ್
ಇತಿಹಾಸ ಚೆನ್ನಾಗಿದೆ ಗುರುಗಳೇ. ಆದರೆ ಮೆಜೆಸ್ಟಿಕ್ ಒಡೆದು ಕೆರೆ ಮಾಡಲಿಕ್ಕೆ ಆಗುತ್ತದಾ? ಅವರು ಕೇಳಿದ್ದು ಬೀದಿಯ ವಿಷಯ.

ಜಲ್ಲಿ ಡ್ರಮ್
ಬೀದಿ ಲೆಕ್ಕ ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಮಳೆನೀರು ಕೊಯ್ಲಿನ ಪೈಪ್ ಕೆಲಸ ಮಾಡುತ್ತಿದ್ದೇನೆ.

1,000 ಚದರಡಿ ತಾರಸಿ ಅಂದುಕೊಳ್ಳಿ. 1 ಮಿ.ಮೀ. ಮಳೆ ಬಿದ್ದರೆ ಸುಮಾರು 93 ಲೀಟರ್. ಒಂದು ರಾತ್ರಿ 60 ಮಿ.ಮೀ. ಹೊಡೆಯಿತು ಅಂದರೆ ಐದೂವರೆ ಸಾವಿರ ಲೀಟರ್. ಹೆಚ್ಚು ಕಡಿಮೆ ಒಂದು ಸಣ್ಣ ಟ್ಯಾಂಕರ್. ಒಂದೇ ಮನೆಯದು, ಒಂದೇ ರಾತ್ರಿಯದು. ಅದನ್ನು ಪೈಪಿನಲ್ಲಿ ರಸ್ತೆಗೆ ಬಿಟ್ಟು ಬೆಳಗ್ಗೆ ಟ್ಯಾಂಕರಿಗೆ ಫೋನ್ ಮಾಡುತ್ತೇವೆ. ಮೇಲಿನ ಬೀದಿಯಲ್ಲಿ 40 ಮನೆ ಇದ್ದರೆ 2 ಲಕ್ಷ ಲೀಟರ್ ದಾಟಿತು. ಅದೆಲ್ಲ ಅರ್ಧ ಗಂಟೆಯಲ್ಲಿ ಮೂಲೆಮನೆ ಸರ್ ಗೇಟಿನ ಮುಂದೆ ಬಂದು ನಿಂತರೆ ಯಾವ ಚರಂಡಿ ತಡೆಯುತ್ತದೆ?

ಕಾನೂನು 2009ರಿಂದಲೇ ಇದೆ. ಹೊಸದಾಗಿ ಕಟ್ಟುವವರಿಗೆ 30x40 ಅಡಿ ಸೈಟಿನಿಂದ, ಹಳೆ ಮನೆಗೆ 60x40 ಅಡಿಯಿಂದ ಕಡ್ಡಾಯ. ಮಾಡದಿದ್ದರೆ ನೀರಿನ ಬಿಲ್ ಜೊತೆ ದಂಡ. ಜನ ಏನು ಮಾಡುತ್ತಾರೆ ಗೊತ್ತಾ? ಕನೆಕ್ಷನ್ ಸಿಗುವವರೆಗೆ ಒಂದು ನೀಲಿ ಡ್ರಮ್ ಇಡುತ್ತಾರೆ, ಫೋಟೋ ತೆಗೆಯುತ್ತಾರೆ, ಆಮೇಲೆ ಅದರಲ್ಲಿ ತುಳಸಿ ನೆಡುತ್ತಾರೆ. ನಾನೇ ಇಟ್ಟ ಡ್ರಮ್ಮುಗಳಲ್ಲಿ ತುಳಸಿ ನೋಡಿದ್ದೇನೆ.

ಸರಿಯಾಗಿ ಮಾಡಬೇಕು ಅಂದರೆ: ತಾರಸಿಯ ಪೈಪುಗಳನ್ನೆಲ್ಲ ಒಂದು ಕಡೆ ಸೇರಿಸಿ. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲಿಕ್ಕೆ ಒಂದು ಮುಚ್ಚಳ. ಆಮೇಲೆ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್. ಅಲ್ಲಿಂದ ಸಂಪಿಗೆ. ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ, ಸಿಮೆಂಟ್ ರಿಂಗ್ ಇಳಿಸಿದ ಗುಂಡಿ. ದೊಡ್ಡ ವಿದ್ಯೆ ಏನಲ್ಲ.

ಮೂಲೆಮನೆ
ಜಲ್ಲಿ ಡ್ರಮ್ ಅಣ್ಣ, ಹಾಗಾದರೆ ನಮ್ಮ ಮನೆಯಲ್ಲೇ ಇಂಗುಗುಂಡಿ ತೋಡಿಸಿಬಿಡಲಾ?

ಜಲ್ಲಿ ಡ್ರಮ್
ಬೇಡ. ಇಲ್ಲೇ ಎಲ್ಲರೂ ತಪ್ಪು ಮಾಡುವುದು. ನಿಮ್ಮದು ತಗ್ಗು. ಅಕ್ಟೋಬರಿನಲ್ಲಿ ಅಲ್ಲಿ ನೆಲವೇ ನೀರು ಕುಡಿದು ಕೂತಿರುತ್ತದೆ, ಗುಂಡಿ ತೋಡಿದರೆ ಕೆಳಗಿನಿಂದಲೇ ಒರತೆ ಬರುತ್ತದೆ. ಸಾಲದ್ದಕ್ಕೆ ನಿಮ್ಮಲ್ಲಿಗೆ ಚರಂಡಿ ನೀರು ಬೇರೆ ನುಗ್ಗುತ್ತದೆ ಅಂತೀರಿ, ಅದು ಗುಂಡಿಗೆ ಇಳಿದರೆ ಅಂತರ್ಜಲವೂ ಕೆಟ್ಟಿತು. ನೀವು ಸಂಪಿನ ಬಾಯಿ ಒಂದೂವರೆ ಅಡಿ ಎತ್ತರಿಸಿ, ಗಟ್ಟಿ ಮುಚ್ಚಳ ಹಾಕಿಸಿ, ತಾರಸಿ ನೀರು ಸಂಪಿಗೆ ತನ್ನಿ. ಗುಂಡಿ ತೋಡಬೇಕಾದದ್ದು ನಿಮ್ಮ ಮೇಲಿನ ಬೀದಿ, ಅದರ ಮೇಲಿನ ಬೀದಿ. ಮೇಲಿನವರು ಹಿಡಿದರೆ ಕೆಳಗಿನವರು ಬದುಕುತ್ತಾರೆ. ನಿಮ್ಮ ಸಂಘ ಮಾತಾಡಬೇಕಾದದ್ದು ಕಾಂಟ್ರಾಕ್ಟರ್ ಹತ್ತಿರ ಅಲ್ಲ, ಮೇಲಿನ ಲೇಔಟಿನ ಸಂಘದ ಹತ್ತಿರ.

ಹೊಸ್ತಿಲು
ಮೇಲಿನವರಿಗೆ ನೀರು ನಿಲ್ಲುವುದೇ ಇಲ್ಲ. ಅವರು ಯಾಕೆ ಗುಂಡಿ ತೋಡುತ್ತಾರೆ?

ಜಲ್ಲಿ ಡ್ರಮ್
ಮಾರ್ಚಿನಲ್ಲಿ ಕೇಳಿ ಅಕ್ಕ. ಮೊದಲು ಬತ್ತುವುದು ಮೇಲಿನವರ ಬೋರ್.

ಮೇಲ್ಮಹಡಿ
ಎಲ್ಲರೂ ನೀರಿನಲ್ಲೇ ಮುಳುಗಿದ್ದೀರಿ. ಬಿಸಿಲಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅಲ್ವಾ?

ನಾನು ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೇನೆ. ಮೂರನೇ ಮಹಡಿಯ ಮೇಲೆ ಎರಡು ರೂಮಿನ ಶೀಟ್ ಮನೆ. ಗಾರ್ಮೆಂಟ್ಸಿನಲ್ಲಿ ಟೈಲರ್. ಫ್ಯಾಕ್ಟರಿಯಲ್ಲೂ ತಲೆ ಮೇಲೆ ಶೀಟು, ಮನೆಯಲ್ಲೂ ಶೀಟು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಅಂತ ಟಿವಿಯಲ್ಲಿ ಬಂತು. ಅದು ಹೊರಗಿನ ಲೆಕ್ಕ. ಶೀಟಿನ ಕೆಳಗಿನ ಲೆಕ್ಕ ಯಾರು ಬರೆದುಕೊಳ್ಳುತ್ತಾರೆ? ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಮಗು ನೆಲಕ್ಕೆ ನೀರು ಚಿಮುಕಿಸಿಕೊಂಡು ಮಲಗುತ್ತಿತ್ತು. ಆ ನೀರೂ ಎರಡು ದಿನಕ್ಕೊಮ್ಮೆ ಬರುವುದು.

ಕೊನೆಗೆ ಪಕ್ಕದ ಮನೆಯ ಅಜ್ಜಿ ಹೇಳಿದರು, ಸುಣ್ಣ ಹೊಡಿ ಅಂತ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಶೀಟಿನ ಮೇಲೆ ಎರಡು ಕೋಟ್ ಹೊಡೆದೆವು. ಖರ್ಚು ಸಾವಿರ ರೂಪಾಯಿ ಒಳಗೆ. ಫ್ಯಾನ್ ಗಾಳಿ ಸ್ವಲ್ಪ ಗಾಳಿಯ ಹಾಗೆ ಆಯಿತು. ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಹೊಡೆಯಬೇಕು. ಮನೆ ಮಾಲೀಕರು ಅದನ್ನು ನೋಡಿ ಮನೆ ಚೆನ್ನಾಗಿದೆ ಅಂತ ಬಾಡಿಗೆ ಐನೂರು ಏರಿಸಿದರು. ನಗಬೇಡಿ, ನಿಜ.

ನಗರ ಏನು ಮಾಡಬೇಕು ಅಂತ ನನ್ನನ್ನು ಕೇಳಿದರೆ, ಶೀಟ್ ಮನೆಗಳಿಗೆಲ್ಲ ಒಂದು ಸಲ ಬಿಳಿ ಬಣ್ಣ ಹೊಡೆಸಲಿ. ಬಸ್ ಸ್ಟಾಪಿಗೆ ನೆರಳು ಮಾಡಲಿ. ಸ್ಟೀಲಿನ ಸೀಟು ಬೇಡ, ಏಪ್ರಿಲಿನಲ್ಲಿ ಅದರ ಮೇಲೆ ದೋಸೆ ಹುಯ್ಯಬಹುದು.

ಬಿಸಿಲನಾಡು
ಕಲಬುರಗಿಯಿಂದ. ನಿಮ್ಮ 38ಕ್ಕೆ ನಮ್ಮಲ್ಲಿ ಇನ್ನೂ ಫ್ಯಾನ್ ಎರಡರಲ್ಲಿ ಇರುತ್ತದೆ ರೀ.

ತಮಾಷೆ ಇರಲಿ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಕಲಬುರಗಿ ವಿಭಾಗಕ್ಕೂ ವಿಜಯಪುರ, ಬಾಗಲಕೋಟೆಗೂ ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿದೆ. ಇದಕ್ಕೆ ಯಾರೂ ಹವಾಮಾನ ಯೋಜನೆ ಅಂತ ಹೆಸರಿಟ್ಟಿಲ್ಲ, ಆದರೆ ಇದಕ್ಕಿಂತ ಅಗ್ಗದ ಯೋಜನೆ ಇಲ್ಲ. ಕೊರತೆ ಏನಂದರೆ ಇದು ಕುರ್ಚಿ ಇದ್ದವರಿಗೆ ಮಾತ್ರ. ಅದೇ ಕಚೇರಿಯ ಮುಂದೆ ಗಟಾರ ತೋಡುವವನಿಗೆ ಎರಡು ಗಂಟೆಯ ಬಿಸಿಲೇ ಗತಿ. ಅಹಮದಾಬಾದಿನವರು 2010ರ ಬಿಸಿಗಾಳಿಯಲ್ಲಿ ಪೆಟ್ಟು ತಿಂದು 2013ರಲ್ಲೇ ಬಿಸಿಲಿಗೆ ಅಂತಲೇ ಯೋಜನೆ ಮಾಡಿದರು. ಮುನ್ನೆಚ್ಚರಿಕೆ, ಆಸ್ಪತ್ರೆಯಲ್ಲಿ ತಯಾರಿ, ಆಮೇಲೆ ಆ ಅಕ್ಕ ಹೇಳಿದ ಹಾಗೆ ಬಡವರ ಮನೆ ಚಾವಣಿಗೆ ಬಿಳಿ ಬಣ್ಣ. ಬೆಂಗಳೂರಿನವರಿಗೆ ತಮ್ಮದು ಹವಾನಿಯಂತ್ರಿತ ಊರು ಅನ್ನುವ ಹಳೇ ಹೆಮ್ಮೆ, ಅದು ಇಳಿಯಬೇಕು ಮೊದಲು.

ಹೊಂಗೆ ನೆರಳು
ಬಿಸಿಲು ಅಂದಮೇಲೆ ಮರದ ಮಾತು ಬರಲೇಬೇಕು. ಲಕ್ಷ ಸಸಿ ನೆಡುವ ಕಾರ್ಯಕ್ರಮ ನನಗೆ ಬೇಡ. ಇರುವ ಮರದ ಬುಡ ಬಿಡಿಸಿಕೊಡಿ ಸಾಕು. ನಮ್ಮ ಬೀದಿಯಲ್ಲಿ ಒಂದು ಹೊಂಗೆ ಮರ. ಫುಟ್‌ಪಾತ್ ಮಾಡುವಾಗ ಕಾಂಡಕ್ಕೆ ತಾಗುವ ಹಾಗೆ ಕಾಂಕ್ರೀಟ್ ಹಾಕಿದರು. ಆಮೇಲೆ ಕೇಬಲ್‌ನವರು ಬಂದು ಒಂದು ಬದಿಯ ಬೇರು ಕತ್ತರಿಸಿದರು. ಮೇ ತಿಂಗಳ ಮೊದಲ ಗಾಳಿಮಳೆಗೆ ಅದು ಕಾರಿನ ಮೇಲೆ ಬಿತ್ತು. ಕಾರಿನವರು ಈಗ ಎಲ್ಲ ಮರ ಕಡಿಸಿ ಅಂತ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಮರ ಬಿದ್ದದ್ದಲ್ಲ, ಬೀಳಿಸಿದ್ದು ಅಂತ ಯಾರಿಗೆ ಹೇಳುವುದು?

ಆ ಮರದ ಕೆಳಗೆ ಒಬ್ಬ ಹೂವಿನವರು ಕೂರುತ್ತಿದ್ದರು. ಈಗ ಕೊಡೆ ಕಟ್ಟಿಕೊಂಡಿದ್ದಾರೆ. ಮಲ್ಲಿಗೆ ಹನ್ನೊಂದು ಗಂಟೆಗೇ ಬಾಡುತ್ತದೆ, ಒದ್ದೆ ಗೋಣಿ ಹೊದಿಸಿದರೂ.

ಡಚ್ ಕನ್ನಡಿಗ
ನಾನು ರಾಟರ್‌ಡ್ಯಾಮಿನಲ್ಲಿ ಇದ್ದೇನೆ. ಇಲ್ಲಿ ಬೆಂಥೆಮ್‌ಪ್ಲೇನ್ ಅಂತ ಒಂದು ಚೌಕ. 2013ರಲ್ಲಿ ಮಾಡಿದ್ದು. ಒಣಗಿದ ದಿನ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಜೋರು ಮಳೆ ಬಂದರೆ ಸುತ್ತಲಿನ ತಾರಸಿಗಳ ನೀರು ಆ ತಗ್ಗಿಗೇ ಇಳಿಯುತ್ತದೆ. ಸುಮಾರು 17 ಲಕ್ಷ ಲೀಟರ್ ನಿಲ್ಲುತ್ತದೆ. ಮಳೆ ನಿಂತ ಮೇಲೆ ನಿಧಾನವಾಗಿ ಖಾಲಿ. ಆಟದ ಮೈದಾನವನ್ನು ಬೇಕಂತಲೇ ತಗ್ಗು ಮಾಡಿದ್ದಾರೆ. ನಿಮ್ಮ ಬಡಾವಣೆಯ ಪಾರ್ಕನ್ನು ರಸ್ತೆಗಿಂತ ಎರಡಡಿ ತಗ್ಗು ಮಾಡಿದರೆ ಹೇಗೆ?

ಎರಡನೇ ಗೇರ್
ಅಲ್ಲಿ ನೀರು ನಿಂತರೆ ಫೋಟೋ. ಇಲ್ಲಿ ನಿಂತರೆ ಡೆಂಗಿ.

ನೀರುಗಂಟಿ ಮೊಮ್ಮಗ
ಒಂದೆರಡು ದಿನದಲ್ಲಿ ಬರಿದಾದರೆ ಸೊಳ್ಳೆ ಮರಿಗೆ ರೆಕ್ಕೆ ಬರುವಷ್ಟು ಪುರುಸೊತ್ತು ಸಿಗಲ್ಲ. ಡೆಂಗಿ ಬರುವುದು ವಾರಗಟ್ಟಲೆ ಹಾಗೇ ಬಿಟ್ಟ ಟೈರು, ಎಳನೀರು ಚಿಪ್ಪಿನಿಂದ. ನನ್ನ ಚಿಂತೆ ಬೇರೆ. ನಮ್ಮ ಚರಂಡಿಯಲ್ಲಿ ಬರುವುದು ಬರೀ ಮಳೆನೀರಲ್ಲ. ಒಳಚರಂಡಿ ನೀರು ರಾಜಕಾಲುವೆಗೆ ಸೇರುವುದು ನಿಲ್ಲದೆ ಯಾವ ಪಾರ್ಕಿಗೆ ತಂದರೂ ಕೊಳಚೆ ಗುಂಡಿಯೇ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ನೀರು ಜಾಸ್ತಿಯಾಗಿ ಅಲ್ಲ.

ಆದರೆ ದಾರಿ ಇಲ್ಲ ಅಂತ ಹೇಳುವುದಿಲ್ಲ. ಜಕ್ಕೂರು ಕೆರೆಗೆ ಹೋಗಿ ನೋಡಿ. ಶುದ್ಧೀಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಆಮೇಲೆ ಕೆರೆಗೆ. ಕಬ್ಬನ್ ಪಾರ್ಕಿನಲ್ಲಿ ಹಳೇ ಬಾವಿಗಳ ಹೂಳು ತೆಗೆದು, ಇಂಗುಬಾವಿಗಳನ್ನೂ ತೋಡಿದರು. ತೋಡಿದ್ದು ತಲೆಮಾರಿನಿಂದ ಬಾವಿ ತೋಡಿಕೊಂಡು ಬಂದ ಮಣ್ಣು ವಡ್ಡರು. ಎಷ್ಟು ಅಡಿಗೆ ಜೇಡಿ, ಎಷ್ಟು ಅಡಿಗೆ ಮರಳು ಅಂತ ಹಾರೆಯ ಸದ್ದಿನಲ್ಲೇ ಹೇಳುತ್ತಾರೆ. ಅವರ ಕೈಗೆ ಕೆಲಸ ಕೊಡುವುದೂ ನಗರ ಯೋಜನೆಯೇ.

ಖಾತಾದಾರ
ಕೆರೆ, ರಾಜಕಾಲುವೆ ಅಂತ ಎಲ್ಲರೂ ಹಾಡುತ್ತಿದ್ದೀರಿ. ರಾಜಕಾಲುವೆಯ ಮೇಲೇ ಸೈಟು ಕೊಂಡವನು ನಾನು. ಗೊತ್ತಿದ್ದು ಕೊಂಡದ್ದಲ್ಲ. ಖಾತೆ ಇತ್ತು, ಬ್ಯಾಂಕ್ ಸಾಲ ಕೊಟ್ಟಿತು, ಲೇಔಟ್ ಮಾಡಿದವನು ನಕ್ಷೆ ತೋರಿಸಿದ. 2022ರ ನೆರೆ ಆದಮೇಲೆ ಮಹದೇವಪುರ ಕಡೆ ಬುಲ್ಡೋಜರ್ ಬಂತು. ಸಣ್ಣ ಕಾಂಪೌಂಡು ಒಂದು ದಿನದಲ್ಲಿ ಹೋಯಿತು, ದೊಡ್ಡವರು ತಡೆಯಾಜ್ಞೆ ತಂದರು. ಕಾಲುವೆ ಬಿಡಿಸಬೇಕು, ಒಪ್ಪುತ್ತೇನೆ. ನೀರಿಗೆ ಜಾಗ ಕೊಡಲೇಬೇಕು. ಆದರೆ ಒಡೆಯುವ ಪಟ್ಟಿ ದೊಡ್ಡವರಿಂದ ಶುರುವಾಗಲಿ, ನನ್ನಂಥವನಿಗೆ ಬದಲಿ ಸೈಟೋ ಪರಿಹಾರವೋ ಕೊಟ್ಟು ಒಡೆಯಲಿ. ಇನ್ನೂ 11 ವರ್ಷ ಕಂತು ಇದೆ.

ಇನ್ನೊಂದು ಕಡೆ ಏನಾಗುತ್ತಿದೆ ನೋಡಿ. 2025ರಲ್ಲಿ ಕೆರೆಗಳ ಸುತ್ತ ಇದ್ದ 30 ಮೀಟರ್ ಬಫರನ್ನು, ಅಂದರೆ ಕಟ್ಟಡ ಕಟ್ಟಬಾರದ ಜಾಗವನ್ನು, ಕೆರೆಯ ವಿಸ್ತೀರ್ಣ ನೋಡಿ ಕಡಿಮೆ ಮಾಡುವ ತಿದ್ದುಪಡಿ ಮಸೂದೆ ತಂದರು. ಅಂದರೆ ಒಂದು ಕೈಯಲ್ಲಿ ಬುಲ್ಡೋಜರ್, ಇನ್ನೊಂದು ಕೈಯಲ್ಲಿ ಹೊಸ ಸೈಟಿಗೆ ಜಾಗ. ನನ್ನಂಥವರು ಇನ್ನೂ ಹುಟ್ಟುತ್ತಾರೆ.

ಹೊಸ್ತಿಲು
ಈ ಮಾತು ಯಾರಿಗೆ ಹೇಳುವುದು? 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲದೆ ಹೋಯಿತು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆದವು. ನೀರಿಗೆ ಪೂರ್ವ ಯಾವುದು ಉತ್ತರ ಯಾವುದು ಅಂತ ಗೊತ್ತಾ? ಕಣಿವೆ ಒಂದು, ಕಚೇರಿ ಎರಡು.

ನಿರ್ವಾಹಕ
ರಾಜಕೀಯ ಸ್ವಲ್ಪ ಕಡಿಮೆ ಇರಲಿ ದಯವಿಟ್ಟು.

ಹೊಸ್ತಿಲು
ಚರಂಡಿ ರಾಜಕೀಯ ಅಲ್ಲದಿದ್ದರೆ ಇನ್ನೇನು ಸ್ವಾಮಿ?

335ಇ
ಬಸ್ಸಿನ ಬಗ್ಗೆ ಎರಡು ಮಾತು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ದರು. ಆಗ ಕಾರಿನಲ್ಲಿ ಕೂತವರು ನಮ್ಮ ಬಸ್ಸನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಮೆಟ್ರೊ ಕಾಮಗಾರಿಯಲ್ಲಿ ಆ ಲೇನ್ ಕರಗಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಅಂತಿದ್ದಾರೆ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿ ಒಬ್ಬ ಹುಡುಗಿ ಕಾರಿನಲ್ಲೇ ಸಿಕ್ಕಿ ಜೀವ ಬಿಟ್ಟಳು. ಒಂದು ಸಣ್ಣ ಅಂಡರ್‌ಪಾಸಿನ ನೀರನ್ನೇ ಹೊರಹಾಕಲು ಆಗದ ಊರು, ಹದಿನಾರು ಕಿಲೋಮೀಟರಿನ ಸುರಂಗ ತೋಡುತ್ತದೆ. ಆ ದುಡ್ಡಿಗೆ ಎಷ್ಟು ಬಸ್ಸು, ಎಷ್ಟು ನೆರಳಿನ ಫುಟ್‌ಪಾತು ಆಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿ.

ಎರಡನೇ ಗೇರ್
ಅದೊಂದು ಒಪ್ಪಿದೆ. ಆದರೂ ನನಗೆ ಬೈಕು ಬಿಡಲು ಆಗಲ್ಲ, ನಮ್ಮ ಮನೆಯಿಂದ ಸ್ಟಾಪಿಗೆ ನಡೆಯಲು ಫುಟ್‌ಪಾತೇ ಇಲ್ಲ.

ಮೂಲೆಮನೆ
ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ರಸ್ತೆ ಎತ್ತರಿಸುವ ಮಾತು ಸದ್ಯಕ್ಕೆ ನಿಂತಿದೆ. ನಿಲ್ಲಿಸಿದ್ದು ನನ್ನ ಭಾಷಣ ಅಲ್ಲ. ಹೊಸ್ತಿಲು ಅವರು ಹೇಳಿದ ಮೆಟ್ಟಿಲಿನ ಕಥೆಯನ್ನು ಸಭೆಯಲ್ಲಿ ಓದಿದೆ. ಎದುರು ಮನೆಯವರು ಎದ್ದು ಹೋಗಿ ಟೇಪ್ ತಂದು ತಮ್ಮ ಹೊಸ್ತಿಲು ಅಳೆದರು. ಅಲ್ಲಿಗೆ ಸಭೆ ಮುಗಿಯಿತು.

ಮೇಲಿನ ಲೇಔಟಿನವರ ಹತ್ತಿರ ಹೋದೆವು. ಮೊದಲ ಸಲ ಕಾಫಿ ಕೊಟ್ಟು ಕಳಿಸಿದರು. ಎರಡನೇ ಸಲ ಅವರ ಬೋರ್‌ವೆಲ್ ಮಾತು ತೆಗೆದೆ. ಹದಿನಾಲ್ಕು ಮನೆಯವರು ಗುಂಡಿ ತೋಡಿಸಲು ಒಪ್ಪಿದ್ದಾರೆ. ಇಪ್ಪತ್ತಾರು ಮನೆಯವರು ನೋಡೋಣ ಅಂದಿದ್ದಾರೆ. ನೋಡೋಣ ಅಂದರೆ ಏನು ಅಂತ ನಿಮಗೂ ಗೊತ್ತು. ಪಾರ್ಕ್ ತಗ್ಗು ಮಾಡುವ ವಿಷಯಕ್ಕೆ ವಾಕಿಂಗ್ ಗುಂಪಿನ ಹಿರಿಯರು ಸುತರಾಂ ಒಪ್ಪಿಲ್ಲ. ಜಾರಿ ಬಿದ್ದರೆ ಯಾರು ಹೊಣೆ ಅಂತ ಕೇಳಿದರು, ಅದೂ ಸರಿಯೇ.

ನಮ್ಮ ಮನೆಯಲ್ಲಿ ಸಂಪಿನ ಬಾಯಿ ಎತ್ತರಿಸಿ, ತಾರಸಿ ಪೈಪ್ ಸೇರಿಸಿದೆವು. ನಿನ್ನೆ ರಾತ್ರಿ ಮಳೆ ಬಂತು. ಕತ್ತರಿಸಿದ ಬಾಟಲಿಯಲ್ಲಿ ಅಳೆದರೆ 22 ಮಿ.ಮೀ. ಲೆಕ್ಕದ ಪ್ರಕಾರ ಎರಡು ಸಾವಿರ ಲೀಟರ್ ಬರಬೇಕಿತ್ತು. ಸಂಪಿನಲ್ಲಿ ಅಳೆದರೆ ಹೆಚ್ಚೆಂದರೆ ಎಂಟುನೂರು. ಉಳಿದದ್ದು ಡ್ರಮ್ ಮೇಲೆ ಉಕ್ಕಿ ಅಂಗಳಕ್ಕೆ ಹೋಗಿದೆ. ಜಲ್ಲಿ ಡ್ರಮ್ ಅಣ್ಣ, ಏನು ತಪ್ಪಾಯಿತು?

ಜಲ್ಲಿ ಡ್ರಮ್
ತಾರಸಿ ಮೇಲೆ ಪಾರಿವಾಳ ಇದೆಯಾ?

ಮೂಲೆಮನೆ
ಇವೆ. ಪಕ್ಕದ ಮನೆಯವರು ಕಾಳು ಹಾಕುತ್ತಾರೆ.

ಜಲ್ಲಿ ಡ್ರಮ್
ಹಾಗಾದರೆ ಹಿಕ್ಕೆ, ಪುಕ್ಕ ಬಂದು ಡ್ರಮ್ಮಿನ ಮರಳು ಕಟ್ಟಿಕೊಂಡಿದೆ. ಮರಳಿನ ಮೇಲಿನ ಎರಡಿಂಚು ತೆಗೆದು ತೊಳೆಯಿರಿ. ಮೇಲೆ ಸೊಳ್ಳೆಪರದೆ ಬಟ್ಟೆ ಎರಡು ಪದರ ಕಟ್ಟಿ. ಪ್ರತಿ ಮಳೆ ಆದಮೇಲೆ ಬಿಚ್ಚಿ ಒದರಬೇಕು. ಪಕ್ಕದ ಮನೆಯವರ ಹತ್ತಿರ ನೀವೇ ಮಾತಾಡಿಕೊಳ್ಳಿ, ಅದು ನನ್ನ ಕೈಲಿ ಆಗಲ್ಲ.